ಗಡ್ಡೆ ಗಟ್ಟಿಯಾಗುವವರೆಗೆ

ನವೆಂಬರ್ ಮುಗಿಯಿತು. ಕೊಲ್ಲಿ ಇನ್ನೂ ಕರ್ರಗೆ
ಹಬೆಯಾಡುತ್ತಿದೆ, ಒಲೆಯ ಮೇಲೆ ಮರೆತ ಎಸರಿನ ಹಾಗೆ.
ದೋಣಿ ಇಳಿಸುವಂತಿಲ್ಲ, ಜಾರುಬಂಡಿ ಹೂಡುವಂತಿಲ್ಲ.
ಲ್ಯಾಬ್ರಡಾರಿನ ಈ ತೀರದಲ್ಲಿ
ಯಾರೂ ಎಲ್ಲಿಗೂ ಹೋಗಲಾರದ, ಯಾರೂ ಬರಲಾರದ ತಿಂಗಳಿಗೆ
ನಮ್ಮ ಸಭೆ ಇಟ್ಟ ಹೆಸರು: ಆಗಮನ ಕಾಲ.

ಮುದುಕ ಬೋವಜ ದಿನಾ ಬೆಳಿಗ್ಗೆ
ಕಬ್ಬಿಣದ ಮೊನೆಯ ಗಳೆ ಹಿಡಿದು ಹೋಗಿ
ದಡದಂಚಿನ ಗಡ್ಡೆಯನ್ನು ಕುಟ್ಟಿ ನೋಡುತ್ತಾನೆ.
ಒಂದೇಟಿಗೆ ತೂತು ಬಿದ್ದರೆ, ನರಿಗೂ ಸಾಲದು.
ಎರಡಕ್ಕೆ ಬಿದ್ದರೆ, ನಾಯಿ ದಾಟೀತು.
ಮೂರು ಏಟು ತಾಳಿದರೆ ಮನುಷ್ಯ.
ವಾಪಸು ಬರುವಾಗ ಚರ್ಚಿನ ಕಿಟಕಿಯಲ್ಲಿ ನನಗೆ ಬೆರಳೆತ್ತಿ ತೋರಿಸುತ್ತಾನೆ:
ಒಂದು. ಮರುದಿನವೂ ಒಂದು.
ಅವನ ಅಜ್ಜನ ಕಾಲಕ್ಕೆ
ಮೊದಲ ಭಾನುವಾರಕ್ಕೇ ಮೂರು ಬೆರಳಂತೆ.

ಚರ್ಚಿನ ಒಲೆ, ಗಂಟೆಯ ಹಗ್ಗ, ಬೀಗದ ಕೈ ನನ್ನವು.
ಇಪ್ಪತ್ತಾರು ಕೊಂಬಿನ ಕಾಗದದ ನಕ್ಷತ್ರವೂ.
ಇಲಿ ತಿಂದ ಒಂದು ಕೊಂಬಿಗೆ ಈ ಸಲ
ಹಿಟ್ಟಿನ ಚೀಲ ಕತ್ತರಿಸಿ ಅಂಟಿಸಿದೆ;
ದೀಪ ಹಾಕಿದರೆ ಪೂರ್ವ ದಿಕ್ಕಿಗೆ ಅದು ಸಾರುತ್ತದೆ:
ಹತ್ತು ಕಿಲೋ, ತೇವವಿಲ್ಲದ ಕಡೆ ಇಡಿ.
ಪಾದ್ರಿಯಿಲ್ಲದ ಸಭೆ ನಮ್ಮದು.
ಹಿರಿಯರು ನೋಡಿ ನಕ್ಕರು, ತೆಗೆ ಎನ್ನಲಿಲ್ಲ.

ಮೊದಲ ಭಾನುವಾರ ಹೊಸನ್ನ.
ಕಹಳೆಯವರು ಬಾಯಿಗಿಡುವ ತುದಿಯನ್ನು ಕಂಕುಳಲ್ಲಿ ಕಾಯಿಸುತ್ತಾರೆ,
ಇಲ್ಲವಾದರೆ ಹಿತ್ತಾಳೆ ತುಟಿಯ ಚರ್ಮ ಕೇಳುತ್ತದೆ.
ಒಂದು ಸಾಲು ನಾವು, ಮರುಸಾಲು ಆಚೆ ದಡದವರು,
ಯಾವ ಕಾಲದಿಂದಲೋ ಹಾಗೆ.
ಅವರ ಬೆಂಚು ಖಾಲಿ. ನಾವು ಹಾಡಿ ನಿಲ್ಲಿಸಿದೆವು,
ಅವರ ಸಾಲಿನಷ್ಟು ಉದ್ದ ಸುಮ್ಮನಿದ್ದೆವು.
ಒಲೆಯಲ್ಲಿ ಸೌದೆ ಚಟಗುಟ್ಟಿತು.
ಮತ್ತೆ ಮುಂದಿನ ಸಾಲು.

ಎರಡನೆಯ ಭಾನುವಾರ ಯಾರಿಗೋ ಹೊಳೆಯಿತು:
ದೋಣಿಯ ರೇಡಿಯೋ ತಂದು ಬೈಬಲಿನ ಪಕ್ಕದಲ್ಲಿಟ್ಟರು.
ಕರಕರ ಸದ್ದು, ಒಂದು ನಾಯಿಯ ಬೊಗಳು, ಆಮೇಲೆ
ಚಿಪ್ಪೋರಳ ದನಿ, ಅರ್ಧ ಮಾತ್ರೆ ತಡವಾಗಿ,
ಕೊಲ್ಲಿಯ ನೀರನ್ನೆಲ್ಲ ಹಾಯ್ದು ಒದ್ದೆಯಾದಂತೆ.
ಅವಳಿಗೂ ನನಗೂ ಬೇಸಿಗೆಯಿಂದ ಮಾತಿಲ್ಲ,
ಒಂದು ಸೀಲ್ ಚರ್ಮದ ಲೆಕ್ಕಕ್ಕೆ.
ಆದರೂ ಹೊಸನ್ನ ಎಂದವಳಿಗೆ
ಹೊಸನ್ನ ಎನ್ನಲೇಬೇಕಲ್ಲ.

ವಿಮಾನ ಹಾರದೆ ಹನ್ನೊಂದು ದಿನ.
ಸೇಬಿನ ಪೆಟ್ಟಿಗೆ ಎಲ್ಲೋ ದಕ್ಷಿಣದ ಗೋದಾಮಿನಲ್ಲಿ.
ಕ್ರಿಸ್ಮಸ್ ಹಿಂದಿನ ಸಂಜೆ ಪ್ರತಿ ಮಗುವಿನ ಕೈಗೂ
ಸೇಬಿನಲ್ಲಿ ನೆಟ್ಟ ಮೇಣದ ಬತ್ತಿ ಕೊಡಬೇಕು.
ಮುದುಕಿಯರು ನೆಲಮಾಳಿಗೆಯಿಂದ ಟರ್ನಿಪ್ ಗಡ್ಡೆ ಹೊತ್ತು ತಂದರು:
“ನಮ್ಮ ಕೈಗೆ ಬಂದದ್ದೂ ಇದೇ.
ಆಗೇನು ಕ್ರಿಸ್ತ ಅರ್ಧ ಹುಟ್ಟಿದನೇ?”
ಬುಡ ಸಮ ಮಾಡಿ, ನಡುವೆ ಕೊರೆದು ಬತ್ತಿ ನಿಲ್ಲಿಸಿದೆವು.
ದೀಪ ಆರಿಸಿದಾಗ ಮೂವತ್ತೊಂದು ಪುಟ್ಟ ಗಲ್ಲಗಳು
ಕೆಳಗಿನಿಂದ ಬೆಳಗಿದವು.
ಯೆರೆಮೀಯ ಬತ್ತಿ ಉರಿದು ಮುಗಿಯುವ ಮೊದಲೇ ಹಲ್ಲೂರಿದ,
ಮುಖ ಹಿಂಡಿದ, ಆದರೂ ತಿಂದು ಮುಗಿಸಿದ.
ಹದಿನಾಲ್ಕು ಗಡ್ಡೆ ಉಳಿದವು, ಆಚೆ ದಡದ ಮಕ್ಕಳ ಲೆಕ್ಕ.
ಬೋವಜ ಅಂದು ಎರಡು ಬೆರಳು ತೋರಿಸಿದ್ದ.

ಹಬ್ಬ ಮುಗಿಯಿತು. ಇಪ್ಪತ್ತೆಂಟರ ಮಧ್ಯಾಹ್ನ
ಒಲೆಯ ಬೂದಿ ಎತ್ತುತ್ತಿದ್ದೆ. ಕಿಟಕಿಗೆ ಅವನ ಕೈ ಬಂತು:
ಮೂರು.
ಅದರ ಹಿಂದೆ, ಬಿಳಿಯ ಮೇಲೆ, ಚುಕ್ಕಿ ಚುಕ್ಕಿಯಾಗಿ ಜನ.
ಗಂಟೆ ಬಾರಿಸಲೇ ಎಂದು ಯಾರನ್ನೂ ಕೇಳಲಿಲ್ಲ,
ಬೂದಿಗೈಯಲ್ಲೇ ಹಗ್ಗ ಎಳೆದೆ.

ಬಾಗಿಲಲ್ಲಿ ಚಿಪ್ಪೋರ, ರೆಪ್ಪೆಯ ಮೇಲೆ ಹರಳುಗಟ್ಟಿದ ಉಸಿರು.
“ನಿಮ್ಮ ಡಬ್ಬ ನಮ್ಮ ಹೊಸನ್ನದ ಅರ್ಧ ನುಂಗಿತು” ಎಂದಳು,
ಆರು ತಿಂಗಳಲ್ಲಿ ನನಗೆ ಆಡಿದ ಮೊದಲ ಮಾತು.
ಬೂಟು ಕಳಚದೆ, ಕುಳಿತುಕೊಳ್ಳದೆ
ತನ್ನ ಸಾಲನ್ನು ಮೊದಲಿನಿಂದ ಎತ್ತಿಕೊಂಡಳು.

ನಾನು ಬಾಡಿದ ಗಡ್ಡೆಗಳ ಮುಂದೆ ಕಡ್ಡಿ ಗೀರುತ್ತಿದ್ದೆ,
ಅವಳು ಮುಗಿಸುವಷ್ಟರಲ್ಲಿ
ನನ್ನ ಸಾಲು ನೆನಪಾಗಲಿ ಎಂದುಕೊಂಡು.